ಆರು ಒಲೆಗಳ ಕೋಣೆ

ಮಗಳಿಗೆ ಐದು ತಿಂಗಳು ತುಂಬಿದ್ದಾಗಿನ ಮಾತು. ಆಗಿನ್ನೂ ಹೆರಿಗೆ ರಜೆ ಹನ್ನೆರಡೇ ವಾರ. ಅದು ಮುಗಿದ ಮೇಲೆ ಅಮ್ಮ ಊರಿಂದ ಬಂದು ಎರಡು ತಿಂಗಳು ಮಗುವನ್ನು ನೋಡಿಕೊಂಡರು. ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂತು, ಹೊರಟರು. ಮರುದಿನದಿಂದ ಮಗು ಪಾಳಣಾಘರಕ್ಕೆ ಹೋಗತೊಡಗಿತು. ಮುಂಬೈಯಲ್ಲಿ ಕ್ರೆಶ್‌ಗೆ ಹಾಗೇ ಅನ್ನುತ್ತಾರೆ, ತೊಟ್ಟಿಲಮನೆ ಅಂತ. ನನ್ನ ಆಫೀಸು ಲೋವರ್ ಪರೇಲ್‌ನಲ್ಲಿ, ಹಳೇ ಬಟ್ಟೆ ಗಿರಣಿಯ ಜಾಗದಲ್ಲಿ ಎದ್ದಿರುವ ಗಾಜಿನ ಕಟ್ಟಡದಲ್ಲಿ. ಸಂಜೆ ಏಳಕ್ಕೆ ಓಡಿ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಿದ್ದೆ. ದಿನಾ ನಿದ್ದೆ ಮಾಡುತ್ತಿತ್ತು. ಮನೆಗೆ ಬಂದರೂ ನಿದ್ದೆ. ಎದೆ ಬಿಗಿದು ನೋಯುತ್ತಿತ್ತು, ಮಗು ಬಾಯಿ ಹಚ್ಚುತ್ತಿರಲಿಲ್ಲ. "ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ" ಅಂತ ಅಲ್ಲಿನ ಆಯಾ ಹೇಳುತ್ತಿದ್ದಳು. ಹತ್ತು ಹನ್ನೆರಡು ದಿನ ನಾನೂ ಅದನ್ನು ನಂಬಿ ಖುಷಿಪಟ್ಟೆ.

ಡಾಕ್ಟರು ಮಗುವಿನ ಕಣ್ಣುರೆಪ್ಪೆ ಎತ್ತಿ ನೋಡಿ, "ಏನಾದರೂ ಔಷಧಿ ಕೊಡ್ತಾ ಇದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆ. ಆಯಾಳನ್ನು ಕೇಳಿದಾಗ ಅವಳು ಏನೂ ಮುಚ್ಚಿಡಲಿಲ್ಲ. ಮಧ್ಯಾಹ್ನ ಎಲ್ಲ ಮಕ್ಕಳಿಗೂ ಅರ್ಧ ಚಮಚ ನೆಗಡಿ ಸಿರಪ್ಪು. ಮಲಗುತ್ತವೆ. "ಹನ್ನೊಂದು ಮಕ್ಕಳು ತಾಯಿ. ನಾನೊಬ್ಬಳು. ನೀವಾದರೆ ಏನು ಮಾಡ್ತಿದ್ರಿ?" ಅಂದಳು. ನಾನು ಕೂಗಾಡಿದೆ, ಮಗುವನ್ನು ಎತ್ತಿಕೊಂಡು ಬಂದೆ, ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಆದರೆ ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳ ಸಂಬಳ ಎಷ್ಟು, ಆ ಕೋಣೆ ಎಷ್ಟು ದೊಡ್ಡದು, ಅವಳ ಮಕ್ಕಳು ಯಾರ ಹತ್ತಿರ ಇದ್ದವು? ಒಂದನ್ನೂ ನಾನು ಅವತ್ತು ಕೇಳಿರಲಿಲ್ಲ.

ಬಾಳಗೋಳಿ

ಆಮೇಲೆ ಆಫೀಸಿನ ಸುತ್ತಲಿನ ಹಳೇ ಗಿರಣಗಾಂವ್, ಅಂದರೆ ಬಟ್ಟೆ ಗಿರಣಿಗಳ ಪೇಟೆಯ ಬಗ್ಗೆ ಓದುವ ಹುಚ್ಚು ಹಿಡಿಯಿತು. ಪರೇಲ್, ಲಾಲ್‌ಬಾಗ್, ನಾಯ್‌ಗಾಂವ್, ವರ್ಲಿ. ಹಾಗೆ ಓದುವಾಗ ಸಿಕ್ಕಿದ್ದು ಬಾಳಗೋಳಿ ಅನ್ನುವ ಹೆಸರು. ಬಾಳ ಅಂದರೆ ಮರಾಠಿಯಲ್ಲಿ ಮಗು, ಗೋಳಿ ಅಂದರೆ ಗುಳಿಗೆ. ಹೆಸರು ಕೇಳಿದರೆ ನಮ್ಮ ಕಡೆ ಬಜೆ, ಜಾಯಿಕಾಯಿ ತೇಯ್ದು ನಾಲಿಗೆಗೆ ಸವರುತ್ತಾರಲ್ಲ, ಅಂಥದ್ದೇ ಏನೋ ಅನ್ನಿಸುತ್ತದೆ. ಇದರಲ್ಲಿ ಇದ್ದದ್ದು ಅಫೀಮು. ಗಿರಣಿಗೆ ಹೋಗುವ ಹೆಂಗಸು ಬೆಳಿಗ್ಗೆ ಮಗುವಿಗೆ ಹಾಲು ಕುಡಿಸಿ ಒಂದು ಗುಳಿಗೆ ಕೊಟ್ಟು ಹೋಗುತ್ತಿದ್ದಳು. ಮಗು ಬೆಳೆದಂತೆ ಗುಳಿಗೆಯೂ ಹೆಚ್ಚುತ್ತಿತ್ತು. ಇಡೀ ದಿನ ಮಂಪರಿನಲ್ಲಿರುವ ಮಗು ಹಸಿವಾದರೂ ಅಳುವುದಿಲ್ಲ, ಎದೆ ಚೀಪುವುದಿಲ್ಲ. ಚೀಪದಿದ್ದರೆ ತಾಯಿಯ ಹಾಲು ಕಡಿಮೆಯಾಗುತ್ತದೆ. ಮಲಬದ್ಧತೆ, ಸೊರಗು, ಅದರ ಮೇಲೆ ಒಂದು ಸಣ್ಣ ಕೆಮ್ಮು ಬಂದರೂ ಸಾಕು.

1921–22ರಲ್ಲಿ ಮುಂಬೈ ಸರ್ಕಾರ ಗಿರಣಿ ಹೆಂಗಸರ ಹೆರಿಗೆ, ಬಾಣಂತನದ ಸ್ಥಿತಿ ತಿಳಿಯಲು ಡಾ. ಬಾರ್ನ್ಸ್ ಅನ್ನುವ ಮಹಿಳಾ ವೈದ್ಯೆಯನ್ನು ನೇಮಿಸಿತ್ತು. ಗಿರಣಿಯಲ್ಲಿ ದುಡಿಯುವ ಹೆಂಗಸರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡುತ್ತಾರೆ ಅಂತ ಅವರು ವರದಿ ಮಾಡಿದರು. 98 ಅಂದರೆ ಎಲ್ಲರೂ ಅಂತಲೇ ಅರ್ಥ ಅಲ್ವಾ? ಒಬ್ಬಿಬ್ಬರು ಮಾಡಿದರೆ ಅದನ್ನು ಕೆಟ್ಟ ತಾಯಂದಿರ ಕತೆ ಅನ್ನಬಹುದು. ಇಡೀ ಪೇಟೆಯ ತಾಯಂದಿರು ಮಾಡುತ್ತಿದ್ದಾರೆ ಅಂದರೆ ನೋಡಬೇಕಾದದ್ದು ಅವರ ದಿನ ಹೇಗಿತ್ತು ಅನ್ನುವುದನ್ನು. 1922ರ ಕಾರ್ಖಾನೆ ಕಾನೂನು ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆಯವರೆಗೆ ದುಡಿಸಬಹುದು ಅನ್ನುತ್ತಿತ್ತು. ಮುಂಬೈ ಗಿರಣಿಗಳಲ್ಲಿ ಮುಷ್ಕರ ಮಾಡಿ 1920ರಲ್ಲಿ ಹತ್ತು ಗಂಟೆಗೆ ಇಳಿಸಿಕೊಂಡಿದ್ದರು. ಹತ್ತು ಗಂಟೆ ಕೆಲಸ, ಅದಕ್ಕೆ ಮುಂಚೆ ನೀರು, ಒಲೆ, ರೊಟ್ಟಿ. ನಡುವೆ ಮಗು ಅತ್ತರೆ ಎತ್ತಿಕೊಳ್ಳಲು ಯಾರಿದ್ದಾರೆ?

ಕೆಲವು ಗಿರಣಿಗಳು ಆ ಹೊತ್ತಿಗೆ ತೊಟ್ಟಿಲ ಕೋಣೆ ತೆರೆದಿದ್ದವು. ಉಳಿದ ಕಡೆ ಮಗುವನ್ನು ಮನೆಯಲ್ಲೇ, ಪಕ್ಕದ ಮುದುಕಿಯ ಹತ್ತಿರವೋ ಆರೇಳು ವರ್ಷದ ಅಕ್ಕನ ಹತ್ತಿರವೋ ಬಿಡಬೇಕಿತ್ತು. ಆ ಅಕ್ಕನ ಕೈಯಲ್ಲಿ ಅಳುವ ಮಗುವನ್ನು ಕೊಟ್ಟು ಹೋಗುವುದಕ್ಕಿಂತ ಮಲಗಿದ ಮಗುವನ್ನು ಕೊಟ್ಟು ಹೋಗುವುದೇ ಮೇಲು ಅಂತ ಅನ್ನಿಸಿರಬೇಕು.

666

1921ರಲ್ಲಿ ಮುಂಬೈಯ ಶಿಶುಮರಣದ ಲೆಕ್ಕ ಸಾವಿರಕ್ಕೆ 666 ಅಂತ ದಾಖಲಾಗಿದೆ. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡೆ. ಅದೇ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಸಂಖ್ಯೆ 83. ನಮ್ಮ ದೇಶದಲ್ಲೇ ನೂರು ವರ್ಷ ಆದ ಮೇಲೆ, 2020ರಲ್ಲಿ, 28. ಹುಟ್ಟಿದ ಮೂರು ಮಕ್ಕಳಲ್ಲಿ ಎರಡು ಮಕ್ಕಳು ಒಂದು ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು ಅಂದರೆ ಆ ಊರು ಉಳಿಯುತ್ತಿತ್ತೇ?

ಲೆಕ್ಕದಲ್ಲಿ ತಪ್ಪಿದೆ, ನಿಜ. ಆ ತಪ್ಪು ಏನು ಅಂತ ಗೊತ್ತಾದಾಗ ನನಗೆ ತೀರಾ ಹತ್ತಿರದ ವಿಷಯ ಅನ್ನಿಸಿತು. ಶಿಶುಮರಣದ ಲೆಕ್ಕ ಹಾಕುವುದು ಹೀಗೆ: ವರ್ಷದಲ್ಲಿ ಸತ್ತ ಕೂಸುಗಳನ್ನು ಅದೇ ಊರಿನಲ್ಲಿ ದಾಖಲಾದ ಹುಟ್ಟುಗಳಿಂದ ಭಾಗಿಸಬೇಕು. ಮುಂಬೈಯ ಕೂಲಿ ಹೆಂಗಸರಲ್ಲಿ ಎಷ್ಟೋ ಜನ ಹೆರಿಗೆಗೆ ಊರಿಗೆ ಹೋಗುತ್ತಿದ್ದರು. ಕೊಂಕಣಕ್ಕೆ, ಸಾತಾರಾ ಕಡೆಗೆ, ಘಟ್ಟದ ಮೇಲಿನ ಹಳ್ಳಿಗಳಿಗೆ. ತವರಿಗೆ ಹೋಗುವುದು ಅಂದರೆ ನಮಗೆ ವಿವರಿಸಬೇಕಾಗಿಲ್ಲ. ಮಗು ಹುಟ್ಟಿದ್ದು ಹಳ್ಳಿಯಲ್ಲಿ, ಅದನ್ನು ಮುಂಬೈ ಬರೆದುಕೊಳ್ಳಲಿಲ್ಲ. ಎರಡು ಮೂರು ತಿಂಗಳ ಕೂಸನ್ನು ಎತ್ತಿಕೊಂಡು ತಾಯಿ ಚಾಳಿಗೆ, ಅಂದರೆ ಸಾಲು ಕೋಣೆಗಳ ವಠಾರಕ್ಕೆ, ವಾಪಸ್ಸು ಬಂದಳು. ಅಲ್ಲಿ ಕೂಸು ಸತ್ತಿತು. ಸುಡಲು, ಹೂಳಲು ಹೋದಾಗ ಬರೆಸಲೇಬೇಕು, ಹಾಗಾಗಿ ಸಾವು ಮುಂಬೈ ಲೆಕ್ಕಕ್ಕೆ ಬಂತು. ಚಾಳಿನಲ್ಲೇ ಹುಟ್ಟಿದ ಮಕ್ಕಳಲ್ಲೂ ಹಲವರ ಹುಟ್ಟನ್ನು ಯಾರೂ ಬರೆಸುತ್ತಿರಲಿಲ್ಲ. ಕೆಳಗಿನ ಸಂಖ್ಯೆ, ಹುಟ್ಟಿನದು, ಹೀಗೆ ಚಿಕ್ಕದಾಗುತ್ತಾ ಹೋಯಿತು, ಮೇಲಿನದು, ಸಾವಿನದು, ತುಂಬುತ್ತಾ ಹೋಯಿತು.

ಇದನ್ನು ಆಗಿನವರೂ ಬಲ್ಲರು. ಆದರೆ ಗಿರಣಿ ಮಾಲೀಕರ ಪರ ಮಾತಾಡುವವರಿಗೆ ಇದು ಒಳ್ಳೇ ನೆಪವೂ ಆಗುತ್ತದೆ. ಲೆಕ್ಕ ತಪ್ಪು, ಆದ್ದರಿಂದ ತೊಂದರೆಯೇ ಇಲ್ಲ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಸತ್ತ ಕೂಸುಗಳನ್ನು ಯಾರೂ ಸುಮ್ನೆ ಕಲ್ಪಿಸಿ ಬರೆದಿಲ್ಲ. ತಪ್ಪಿ ಹೋದದ್ದು ಹುಟ್ಟಿದವರ ಹೆಸರುಗಳು ಮಾತ್ರ. 1920ರ ದಶಕ ಮುಗಿಯುವ ಹೊತ್ತಿಗೆ ಸಂಖ್ಯೆ 300ರ ಆಸುಪಾಸಿಗೆ ಇಳಿದಿತ್ತು. ಅದರಲ್ಲಿ ದಾಖಲಾತಿ ಸುಧಾರಿಸಿದ್ದೆಷ್ಟು, ಮಕ್ಕಳು ಬದುಕಿದ್ದೆಷ್ಟು ಅಂತ ಬಿಡಿಸುವುದು ಕಷ್ಟ. 300 ಅಂತಲೇ ಇಟ್ಟುಕೊಳ್ಳೋಣ. ಹತ್ತು ತೊಟ್ಟಿಲುಗಳಲ್ಲಿ ಮೂರು.

ಒಂದು ಕೋಣೆ, ಎರಡು ಕೋಣೆ

ನನ್ನನ್ನು 666ಕ್ಕಿಂತ ಜಾಸ್ತಿ ಅಲುಗಿಸಿದ್ದು ಅದೇ 1921ರ ಇನ್ನೊಂದು ಲೆಕ್ಕ. ಮನೆಯಲ್ಲಿ ಎಷ್ಟು ಕೋಣೆ ಇದೆ ಅನ್ನುವುದನ್ನು ಹಿಡಿದು ಶಿಶುಮರಣವನ್ನು ಬೇರೆ ಮಾಡಿದ್ದರು. ಒಂದೇ ಕೋಣೆಯ ಮನೆಗಳಲ್ಲಿ ಸಾವಿರಕ್ಕೆ 828. ಎರಡು ಕೋಣೆ ಇದ್ದರೆ 322. ಮೂರು ಕೋಣೆ, 191. ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಇದ್ದರೆ 133. ತವರಿಗೆ ಹೋಗುವವರು, ಹುಟ್ಟು ಬರೆಸದವರು ಒಂದು ಕೋಣೆಯವರಲ್ಲೇ ಹೆಚ್ಚು. ಹಾಗಾಗಿ ಈ ಅಂತರ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನೆಲ್ಲ ಕಳೆದರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಸಾಲು ಅಳಿಸಿ ಹೋಗುವುದಿಲ್ಲ. ಒಂದು ಗೋಡೆ ಹೆಚ್ಚಾದರೆ ಅಷ್ಟು ಮಕ್ಕಳು ಉಳಿಯುತ್ತಾರೆ. ಆಗ ಮುಂಬೈಯ ಮೂರು ಪಾಲು ಜನರಲ್ಲಿ ಹೆಚ್ಚುಕಡಿಮೆ ಎರಡು ಪಾಲು ಒಂದೇ ಕೋಣೆಯ ಮನೆಗಳಲ್ಲಿದ್ದರು. ಕೂಲಿಯವರ ಕುಟುಂಬಗಳನ್ನು ಮಾತ್ರ ನೋಡಿದರೆ ನೂರಕ್ಕೆ 97.

ಕೋಣೆ ಅಂದರೆ ಎಂಥದ್ದು? ಡಾ. ಬಾರ್ನ್ಸ್ ಒಂದನ್ನು ವಿವರಿಸಿದ್ದಾರೆ. ಒಂದು ಚಾಳಿನ ಎರಡನೇ ಮಹಡಿ. ಕೋಣೆ 15 ಅಡಿ ಉದ್ದ, 12 ಅಡಿ ಅಗಲ. ಅದರೊಳಗೆ ಆರು ಸಂಸಾರ. ನೆಲದ ಮೇಲೆ ಬೇರೆ ಬೇರೆ ಆರು ಒಲೆಗಳಿದ್ದವು, ಅದೇ ಸಾಕ್ಷಿ. ದೊಡ್ಡವರು, ಮಕ್ಕಳು ಸೇರಿ 30 ಜನ. ಆರು ಹೆಂಗಸರಲ್ಲಿ ಮೂವರಿಗೆ ದಿನ ತುಂಬಿತ್ತು. ಇಲ್ಲಿ ಹೆರಿಗೆಗೆ ಮರೆ ಹೇಗೆ ಮಾಡುತ್ತೀರಿ ಅಂತ ಜೊತೆಗಿದ್ದ ನರ್ಸನ್ನು ಕೇಳಿದರು. ಆಕೆ ಮೂಲೆ ತೋರಿಸಿದಳು. ಮೂರಡಿ, ನಾಲ್ಕಡಿ ಜಾಗ. ಪರದೆ ಕಟ್ಟುತ್ತೇವೆ ಅಂದಳು. ಇಂಥ ಕೋಣೆಗಳು ಬೇಕಾದಷ್ಟು ಇದ್ದವು, ಇದು ಅವುಗಳಲ್ಲಿ ಒಂದು ಅಂತ ಬಾರ್ನ್ಸ್ ಬರೆಯುತ್ತಾರೆ.

ನಾನು ಆ ಅಳತೆಯನ್ನು ನಮ್ಮ ಮಲಗುವ ಕೋಣೆಯಲ್ಲಿ ಟೇಪು ಹಿಡಿದು ನೋಡಿದೆ. ಮೂರಡಿ ನಾಲ್ಕಡಿ ಅಂದರೆ ಮಗಳ ತೊಟ್ಟಿಲ ಜಾಗ. ಅಲ್ಲಿ ಕಾಲು ಚಾಚಲು ಆಗುವುದಿಲ್ಲ. ಪರದೆಯ ಆಚೆ ಆರು ಒಲೆಗಳ ಹೊಗೆ. ಆ ಕಾಲದ ದಾಖಲೆಗಳಲ್ಲಿ ಕೂಸುಗಳ ಸಾವಿಗೆ ಕಾರಣ ಅಂತ ಮತ್ತೆ ಮತ್ತೆ ಬರುವುದು ಹುಟ್ಟಿನಿಂದಲೇ ನಿತ್ರಾಣ, ದಿನ ತುಂಬುವ ಮೊದಲೇ ಹುಟ್ಟಿದ್ದು, ಎದೆಗೂಡಿನ ರೋಗ, ಫಿಟ್ಸ್. ಎದೆಗೂಡಿನ ರೋಗ ಅಂತ ಓದಿದಾಗಲೆಲ್ಲ ನನ್ನ ಕಣ್ಣಿಗೆ ಆ ಆರು ಒಲೆಗಳೇ ಬರುತ್ತವೆ.

ಏನೂ ಮಾಡಲಿಲ್ಲ ಅಂತಲ್ಲ. ಪ್ಲೇಗಿನ ನಂತರ 1898ರಲ್ಲಿ ಊರು ಸುಧಾರಿಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. 1920ರಿಂದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರ್ಲಿ, ನಾಯ್‌ಗಾಂವ್, ಡಿಲೈಲ್ ರೋಡ್, ಸೆವ್ರಿಯಲ್ಲಿ ಕಾಂಕ್ರೀಟಿನ ಚಾಳುಗಳನ್ನು ಕಟ್ಟಿತು. ಇಂದಿಗೂ ಅವನ್ನು ಬಿಡಿಡಿ ಚಾಳ್ ಅನ್ನುತ್ತಾರೆ. ಇನ್ನೂರಕ್ಕೂ ಹೆಚ್ಚು ಕಟ್ಟಡ, ಸಾವಿರಾರು ಮನೆ, ಎಲ್ಲವೂ ಒಂದೊಂದೇ ಕೋಣೆ. ಒಂದು ಕೋಣೆ ಕೂಸುಗಳನ್ನು ಕೊಲ್ಲುತ್ತದೆ ಅಂತ ಲೆಕ್ಕ ಕೈಯಲ್ಲಿರುವಾಗಲೇ ಮತ್ತೆ ಒಂದೇ ಕೋಣೆ ಕಟ್ಟಿದರಲ್ಲ, ಅದು ನನಗೆ ಇವತ್ತಿಗೂ ಅರಗಿಲ್ಲ. 1924ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ರೀಡಿಂಗ್ ಮುಂದೆ ನಿಂತು ದೇಶದ ತುಂಬ ಶಿಶು ಸಪ್ತಾಹ ನಡೆಸಿದರು. ಅಂಥ ಪ್ರದರ್ಶನಗಳಲ್ಲಿ ತಾಯಂದಿರಿಗೆ ಸ್ವಚ್ಛತೆಯ ಪಾಠ ಹೇಳಿದರು. ಪಾಠ ಬೇಡ ಅನ್ನುವುದಿಲ್ಲ, ಚಾಳು ಚಾಳಿಗೆ ಹತ್ತಿಳಿದ ನರ್ಸುಗಳು ಎಷ್ಟೋ ಜೀವ ಉಳಿಸಿರಬೇಕು. ಆದರೆ ಮೂರಡಿ ಪರದೆಯ ಹಿಂದೆ ಕೂತವಳಿಗೆ ಗಾಳಿ ಬೆಳಕು ಇರಲಿ ಅಂತ ಹೇಗೆ ಹೇಳುವುದು?

ಪರೇಲಿನ ಎರಡು ಕೋಣೆ

ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರು 1924ರಲ್ಲಿ ದೆಹಲಿಯ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ತಂದರು. ಅದು ಬಿದ್ದುಹೋಯಿತು. ಡಿಲೈಲ್ ರೋಡಿಗೆ ಈಗ ಅವರದ್ದೇ ಹೆಸರು. ನಾಲ್ಕು ವರ್ಷದ ನಂತರ ಅಂಥದ್ದೇ ಮಸೂದೆ ಮುಂಬೈ ಪ್ರಾಂತ್ಯದ ಶಾಸನಸಭೆಗೆ, ಅಂದರೆ ಕೌನ್ಸಿಲ್ಲಿಗೆ ಬಂತು. 1928ರ ಜುಲೈಯಲ್ಲಿ ಅದರ ಪರವಾಗಿ ಡಾ. ಅಂಬೇಡ್ಕರ್ ಮಾತಾಡಿದರು. ಹೆರಿಗೆಯ ಮುಂಚೆ, ಹೆರಿಗೆಯ ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೇ ಬೇಕು, ಖರ್ಚಿನಲ್ಲಿ ಮಾಲೀಕನೂ ಪಾಲು ಹೊರಬೇಕು ಅಂತ. ಚಿಕ್ಕ ಭಾಷಣ. ವಾದ ನೇರವಾಗಿದೆ, ದನಿ ಏರಿಲ್ಲ.

ಆಗ ಅವರು ಇದ್ದದ್ದು ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನಲ್ಲಿ, ಎರಡು ಪುಟ್ಟ ಕೋಣೆಗಳಲ್ಲಿ. 1912ರಿಂದ 1934ರವರೆಗೆ ಅದೇ ಅವರ ಮನೆ. ಪತ್ನಿ ರಮಾಬಾಯಿ ಮತ್ತು ಅವರಿಗೆ ಐದು ಮಕ್ಕಳು. ಗಂಗಾಧರ, ರಮೇಶ, ಇಂದು, ರಾಜರತ್ನ, ನಾಲ್ವರೂ ಚಿಕ್ಕಂದಿನಲ್ಲೇ ತೀರಿಹೋದರು. ಉಳಿದದ್ದು ಯಶವಂತ ಒಬ್ಬರೇ. ಕೊನೆಯವನು ರಾಜರತ್ನ ಹೋದದ್ದು 1926ರ ಜುಲೈಯಲ್ಲಿ. ಅಂದರೆ ಕೌನ್ಸಿಲ್ಲಿನಲ್ಲಿ ಎದ್ದು ನಿಲ್ಲುವುದಕ್ಕೆ ಸರಿಯಾಗಿ ಎರಡು ವರ್ಷದ ಹಿಂದೆ. ಭಾಷಣದಲ್ಲಿ ಆ ದುಃಖದ ಒಂದು ಮಾತೂ ಇಲ್ಲ. ಅದನ್ನು ಓದುವಾಗ ನಾನು ಹಲವು ಸಲ ನಿಲ್ಲಿಸಿ ಕೂತಿದ್ದೇನೆ. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದ ಮನುಷ್ಯನ ಮನೆಯಲ್ಲೇ ಐದಕ್ಕೆ ನಾಲ್ಕು ಅಂದರೆ, ಗಿರಣಿಯಲ್ಲಿ ನೂಲು ಸುತ್ತುವ ರೀಲಿಂಗ್ ಖಾತೆಯಲ್ಲಿ ನಿಂತವಳ ಮನೆಯಲ್ಲಿ ಹೇಗಿರಬೇಡ.

1929ರಲ್ಲಿ ಕಾನೂನಾಯಿತು, ದೇಶದಲ್ಲೇ ಮೊದಲನೆಯದು. ದಿನಕ್ಕೆ ಎಂಟಾಣೆ ಭತ್ಯೆ, ಹೆರಿಗೆಯ ನಂತರ ನಾಲ್ಕು ವಾರ ಕೆಲಸಕ್ಕೆ ಕರೆಯುವಂತಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ ಇಂಥ ಕಾನೂನು ಬಂದದ್ದು 1937ರಲ್ಲಿ. ಮುಂಬೈ ಗಿರಣಿಗಳಲ್ಲಿ ಮಾತ್ರ ಆಮೇಲೆ ಹೆಂಗಸರ ಸಂಖ್ಯೆ ಇಳಿಯುತ್ತಾ ಹೋಯಿತು. ಹೊಸ ಯಂತ್ರಗಳು, ರಾತ್ರಿ ಪಾಳಿ ಎಲ್ಲವೂ ಸೇರಿದ್ದವು, ಭತ್ಯೆ ಕೊಡಲು ಮನಸ್ಸಿಲ್ಲದ ಮಾಲೀಕರೂ ಇದ್ದರು. ಈ ಭಾಗ ಬರೆಯುವಾಗ ನಮ್ಮ ಆಫೀಸಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯರ ಬಗ್ಗೆ ಇಂಟರ್‌ವ್ಯೂ ಮುಗಿದ ಮೇಲೆ ಆಡುವ ಮಾತುಗಳು ನೆನಪಾಗುತ್ತವೆ.

ಡಿಲೈಲ್ ರೋಡಿನ ಅಜ್ಜಿ

ಮಗಳಿಗೆ ಎರಡು ವರ್ಷ ಆಗುವ ಹೊತ್ತಿಗೆ ಒಂದು ಸಂಜೆ ಆಫೀಸಿನಿಂದ ಬೇಗ ಹೊರಟು ಡಿಲೈಲ್ ರೋಡಿನ ಬಿಡಿಡಿ ಚಾಳಿಗೆ ಹೋದೆ. ಸಹೋದ್ಯೋಗಿಯೊಬ್ಬಳ ಅಜ್ಜಿ ಅಲ್ಲಿದ್ದರು. ಮೂಲ ನಿಪ್ಪಾಣಿ ಹತ್ತಿರದ ಹಳ್ಳಿ, ಮನೆಮಾತು ಅರ್ಧ ಕನ್ನಡ ಅರ್ಧ ಮರಾಠಿ. ನಾನು ಕನ್ನಡದವಳು ಅಂತ ಗೊತ್ತಾದ ಕೂಡಲೇ ಕೈ ಹಿಡಿದು ಕೂರಿಸಿಕೊಂಡರು. ಉದ್ದ ಕಾರಿಡಾರು, ಕೊನೆಯಲ್ಲಿ ಎಲ್ಲರಿಗೂ ಸೇರಿದ ಪಾಯಿಖಾನೆ, ನೂರಾ ಅರವತ್ತು ಚದರಡಿಯ ಒಂದು ಖೋಲಿ. ಸೂರಿನಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಕ್ಕೆ ಇನ್ನೂ ಇತ್ತು. ಅದಕ್ಕೆ ಈಗ ಈರುಳ್ಳಿ ಬುಟ್ಟಿ ತೂಗುಹಾಕಿದ್ದರು.

ಅಜ್ಜಿಯ ಅವ್ವ ಲಾಲ್‌ಬಾಗ್ ಕಡೆಯ ಗಿರಣಿಯಲ್ಲಿ ರೀಲಿಂಗ್ ಕೆಲಸಕ್ಕಿದ್ದಳಂತೆ. "ನಾ ಹುಟ್ಟಿದ್ದು ತೌರಾಗ. ನಮ್ಮಣ್ಣನೂ ಅಲ್ಲೇ. ಅವ್ವ ಎಲ್ಲಾ ಬಾಣಂತನಕ್ಕೂ ಊರಿಗೇ ಹೋಗಾಕಿ." ಆ ಅಣ್ಣ ಮುಂಬೈಗೆ ಬಂದು ಏಳು ತಿಂಗಳಿಗೆ ಹೋದ. ನಾನು ಒಳಗೊಳಗೇ ಲೆಕ್ಕ ಹಾಕಿದೆ. ಅವನ ಹುಟ್ಟು ಮುಂಬೈಯಲ್ಲಿ ಇಲ್ಲ, ಸಾವು ಇದೆ. ಇಷ್ಟು ದಿನ ಭಾಗಾಕಾರದ ತಪ್ಪಾಗಿದ್ದದ್ದು ಒಬ್ಬ ಅಣ್ಣನಾಗಿ ನನ್ನ ಮುಂದೆ ಕೂತ ಹಾಗಾಯಿತು. ಒಟ್ಟು ಎಷ್ಟು ಮಕ್ಕಳು ಅಂತ ಕೇಳಿದೆ. ಅಜ್ಜಿ ಬೆರಳು ಮಡಚುತ್ತಾ ಏಳು ಅಂದರು. ಉಳಿದದ್ದು ಮೂವರು. ಸತ್ತವರನ್ನು ಎಣಿಸುವಾಗಲೂ ಹುಟ್ಟಿದ ಸಾಲಿನಲ್ಲೇ, ಅವರವರ ಜಾಗದಲ್ಲೇ ಎಣಿಸಿದರು. ಯಾವ ಬೆರಳನ್ನೂ ಬಿಡಲಿಲ್ಲ.

ಗೋಳಿಯ ವಿಷಯ ಎತ್ತಲು ನನಗೆ ಹಿಂಜರಿಕೆಯಿತ್ತು. ಆದರೂ ಕೇಳಿದೆ. ಅಜ್ಜಿಗೆ ಬೇಸರವಾಗಲಿಲ್ಲ. "ಕೊಡದೆ? ಎಲ್ಲಾರೂ ಕೊಡೋರು. ನನಗೂ ಕೊಟ್ಟಾಳ." ಮಧ್ಯಾಹ್ನದ ಭೋಂಗಾ, ಗಿರಣಿಯ ಸೈರನ್, ಆದ ಕೂಡಲೇ ಅವ್ವ ಓಡಿ ಬರುತ್ತಿದ್ದಳಂತೆ. ಮೈಯೆಲ್ಲ ಹತ್ತಿ ನೂಲು. ಮಲಗಿದ ಕೂಸಿನ ಬಾಯಿಗೆ ಎದೆ ಇಟ್ಟು, ಕೆನ್ನೆ ತಟ್ಟಿ ತಟ್ಟಿ ಎಬ್ಬಿಸಲು ನೋಡುತ್ತಿದ್ದಳು. ಕೆಲವು ದಿನ ಏಳುತ್ತಿತ್ತು, ಕೆಲವು ದಿನ ಇಲ್ಲ. ಏಳದಿದ್ದ ದಿನ ಹಾಲನ್ನು ಗೋಡೆಗೆ ಹಿಂಡಿ, ಮತ್ತೆ ಭೋಂಗಾ ಆಗುವುದರೊಳಗೆ ಓಡುತ್ತಿದ್ದಳು. ಇದನ್ನು ಅವ್ವನೇ ಮುಪ್ಪಿನಲ್ಲಿ ಹೇಳಿಕೊಂಡು ಅಳುತ್ತಿದ್ದಳು ಅಂದರು.

ನನ್ನ ಕೈ ತಾನಾಗಿಯೇ ಎದೆಯ ಹತ್ತಿರ ಹೋಯಿತು. ಅಜ್ಜಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗ ಮಕ್ಕಳೆಷ್ಟು?" ಅಂದರು.

"ಒಂದು. ಹೆಣ್ಣು. ಎರಡು ವರ್ಷ ಆಗ್ತಾ ಬಂತು."

"ಈಗ ಯಾರ ಹತ್ರ ಐತಿ?"

ಗಡಿಯಾರದಲ್ಲಿ ಆರೂಮುಕ್ಕಾಲು. ನಾನು ಚೀಲ ಎತ್ತಿಕೊಂಡು ಎದ್ದೆ.